ಕಾಳಗ ಇರಲಿ, ನಿಯಮ ಮೊದಲೇ ಗೊತ್ತಿರಲಿ

ಸಂಪಾದಕರಿಗೆ ನಮಸ್ಕಾರ,

ಆನ್‌ಲೈನ್ ಆಟಗಳಲ್ಲಿ ಆಟಗಾರರು ಒಬ್ಬರ ಮೇಲೊಬ್ಬರು ದಾಳಿ ಮಾಡುವುದನ್ನೇ ನಿಲ್ಲಿಸಬೇಕು ಎಂದು ನಿಮ್ಮ ಓದುಗರ ಅಂಕಣದಲ್ಲಿ ಒಬ್ಬ ತಾಯಿ ಬರೆದಿದ್ದರು. ಅವರ ಆತಂಕ ನನಗೆ ಅರ್ಥವಾಗುತ್ತದೆ. ಅವರು ಕೇಳಿದ ಪರಿಹಾರವನ್ನು ಮಾತ್ರ ನಾನು ಒಪ್ಪುವುದಿಲ್ಲ.

ನಾನು ಸರಕು ಹಡಗುಗಳಲ್ಲಿ ಎಂಜಿನಿಯರ್ ಆಗಿದ್ದವನು. ನಿವೃತ್ತನಾದ ಮೇಲೆ ಮಂಗಳೂರಿನ ಕುಳಾಯಿಯ ಮನೆಯಲ್ಲಿ ಕೂತು, ಪಿಯುಸಿ ಓದುವ ಅಕ್ಕನ ಮಗನ ಜೊತೆ ಈವ್ ಆನ್‌ಲೈನ್ ಆಡುತ್ತೇನೆ. 2003ರಲ್ಲಿ ಐಸ್‌ಲ್ಯಾಂಡಿನ ಕಂಪೆನಿಯೊಂದು ಶುರು ಮಾಡಿದ ಬಾಹ್ಯಾಕಾಶದ ಆಟ ಅದು. ಅಲ್ಲಿ ಹಡಗು ಒಡೆದರೆ ಹೋಯಿತು, ಮತ್ತೆ ದುಡಿದು ಕೊಳ್ಳಬೇಕು. ಹಾಗಾಗಿ ಯಾರು ಯಾರನ್ನು ಎಲ್ಲಿ ಹೊಡೆಯಬಹುದು ಎನ್ನುವ ನಿಯಮಕ್ಕೆ ಅಲ್ಲಿ ತುಂಬಾ ಬೆಲೆ ಉಂಟು.

ಪ್ರತಿ ನಕ್ಷತ್ರ ಮಂಡಲಕ್ಕೂ ಅದು ಎಷ್ಟು ಸುರಕ್ಷಿತ ಎಂದು ಹೇಳುವ ಒಂದು ಅಂಕಿ ಇರುತ್ತದೆ. 1.0ರಿಂದ 0.5ರವರೆಗೆ ಹೈ ಸೆಕ್, ಅಂದರೆ ಕಾವಲಿನ ಪ್ರದೇಶ. 0.4ರಿಂದ 0.1ರವರೆಗೆ ಲೋ ಸೆಕ್. ಅಲ್ಲಿ ಒಂದು ಮಂಡಲದಿಂದ ಇನ್ನೊಂದಕ್ಕೆ ದಾಟುವ ಗೇಟು, ಹಡಗು ನಿಲ್ಲಿಸುವ ಸ್ಟೇಷನ್ನುಗಳ ಹತ್ತಿರ ಮಾತ್ರ ಕಾವಲು ಫಿರಂಗಿಗಳಿರುತ್ತವೆ. ಅದರ ಕೆಳಗೆ ನಲ್ ಸೆಕ್, ಕೇಳುವವರೇ ಇಲ್ಲ. 2014ರ ಜನವರಿಯಲ್ಲಿ ಟೈಟನ್ ಎನ್ನುವ ಭಾರೀ ಗಾತ್ರದ 75 ಹಡಗುಗಳು ಒಂದೇ ಕಾಳಗದಲ್ಲಿ ನಾಶವಾದದ್ದು ಅಂಥ ಜಾಗದಲ್ಲಿ. ಅಲ್ಲಿಗೆ ಹೋಗುವವರು ಗೊತ್ತಿದ್ದೇ ಹೋಗುತ್ತಾರೆ. ಹೊಸಬರು ಪೆಟ್ಟು ತಿನ್ನುವುದು ಹೈ ಸೆಕ್‌ನಲ್ಲೇ.

ನನ್ನ ಅಳಿಯನಿಗೂ ಹಾಗೇ ಆಯಿತು. ದುಬಾರಿ ಸರಕನ್ನೆಲ್ಲ ಬೇಗ ಒಡೆಯುವ ಒಂದು ಸಾಗಣೆ ಹಡಗಿಗೆ ತುಂಬಿಸಿ, ಆಟೊಪೈಲಟ್ ಹಾಕಿ ಊಟಕ್ಕೆ ಎದ್ದಿದ್ದ. ಆಟೊಪೈಲಟ್‌ನಲ್ಲಿ ಹಡಗು ಗೇಟಿನಿಂದ ದೂರದಲ್ಲಿ ಇಳಿದು, ಅಲ್ಲಿಂದ ನಿಧಾನಕ್ಕೆ ಸಾಗುತ್ತದೆ. 0.5ರ ಮಂಡಲದಲ್ಲಿ ಕಾದಿದ್ದವರು ಅಗ್ಗದ ಹಡಗುಗಳಲ್ಲಿ ಬಂದು ಮುಗಿಸಿದರು. ‘ಮಾವ, ಇಲ್ಲಿ ಪೊಲೀಸ್ ಉಂಟಲ್ವಾ, ಮತ್ತೆ ಹೇಗೆ ಹೊಡೆದ್ರು?’ ಎಂದು ಕೇಳಿದ.

ಪೊಲೀಸ್ ಉಂಟು. ಹೆಸರು ಕಾಂಕಾರ್ಡ್. ಹೊಡೆದವರ ಹಡಗನ್ನು ಅದು ಒಡೆದೇ ಒಡೆಯುತ್ತದೆ. ಉಪಾಯ ಮಾಡಿ ತಪ್ಪಿಸಿಕೊಂಡರೆ ಕಂಪೆನಿ ಅದನ್ನು ಮೋಸ ಎಂದು ಲೆಕ್ಕ ಹಾಕುತ್ತದೆ. ಕಾಂಕಾರ್ಡ್ ಒಡೆದ ಹಡಗಿಗೆ ವಿಮೆಯೂ ಸಿಗುವುದಿಲ್ಲ. ಆದರೆ ಅದು ಬರುವುದು ಗುಂಡು ಹಾರಿದ ಮೇಲೆ. 1.0ರಲ್ಲಿ ಬೇಗ ಬರುತ್ತದೆ, 0.5ರಲ್ಲಿ ತಡ. ನಿಜವಾದ ಕಡಲಿನಲ್ಲೂ ಹೀಗೇ: ಕಡಲ್ಗಳ್ಳರ ಕಾಟವಿದ್ದ ಏಡನ್ ಕೊಲ್ಲಿ ದಾಟುವಾಗ ನಮ್ಮ ಹಡಗಿಗೂ ನಕ್ಷೆಯಲ್ಲಿ ಕಾವಲಿನ ದಾರಿ ಗುರುತಿಸಿತ್ತು, ಯುದ್ಧನೌಕೆಗಳೂ ಇದ್ದವು. ಆದರೂ ನಾವು ಸುತ್ತಲೂ ಮುಳ್ಳುತಂತಿ ಕಟ್ಟಿ, ಬೆಂಕಿ ಆರಿಸುವ ಹೋಸ್‌ನಲ್ಲಿ ನೀರು ಬಿಟ್ಟು, ರಾತ್ರಿ ಕಾವಲಿಗೆ ಜನ ಜಾಸ್ತಿ ಮಾಡಿಕೊಂಡೇ ಹೋಗುತ್ತಿದ್ದೆವು. ಯುದ್ಧನೌಕೆ ನಮ್ಮನ್ನು ತಲುಪಲು ಹೊತ್ತು ಹಿಡಿಯುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

ಇದೇ ಮಾತನ್ನು ಹುಡುಗರಿಗೆ ಮೊದಲ ದಿನವೇ ಹೇಳಬೇಕು. ಆಟದ ಪರದೆಯಲ್ಲಿರುವ ಸುರಕ್ಷತೆಯ ಬಟನ್ ಹಸಿರು ಇದ್ದರೆ ಕೈತಪ್ಪಿಯೂ ಅಪರಾಧ ಮಾಡಲು ಆಗುವುದಿಲ್ಲ, ಅದನ್ನು ಸುಮ್ನೆ ಕೆಂಪು ಮಾಡಬೇಡಿ ಎನ್ನಬೇಕು. ಬೇರೆಯವರ ಪೆಟ್ಟಿಗೆಯಿಂದ ಸಾಮಾನು ಎತ್ತಿದರೆ 15 ನಿಮಿಷ ಯಾರು ಬೇಕಾದರೂ ಹೊಡೆಯಬಹುದು ಎನ್ನಬೇಕು. ನಮ್ಮ ಊರಿನವರಿಗೆ ಇನ್ನೊಂದು ಮಾತು ಬಹಳ ಮುಖ್ಯ. ಇನ್ನೊಬ್ಬ ಆಟಗಾರನ ಜೊತೆ ಕಾಳಗಕ್ಕೆ ಇಳಿದ ಮೇಲೆ ಸಂಪರ್ಕ ಕಡಿದರೂ ಹಡಗು ಮಾಯವಾಗುವುದಿಲ್ಲ, 15 ನಿಮಿಷ ಬಾಹ್ಯಾಕಾಶದಲ್ಲೇ ಇರುತ್ತದೆ. ಸೋಲುವಾಗ ವೈರ್ ಕಿತ್ತು ಓಡುವವರನ್ನು ತಡೆಯಲು ಮಾಡಿದ ನಿಯಮ ಅದು, ಸರಿಯಾದದ್ದೇ. ಆದರೆ ಗುಡುಗು ಸಿಡಿಲಿನ ಸಂಜೆ ಕರೆಂಟ್ ಹೋದರೂ ಅದೇ ಲೆಕ್ಕ. ಇನ್ವರ್ಟರ್ ಇಲ್ಲದ ಮನೆಯ ಹುಡುಗ ಮೋಡ ಕಟ್ಟಿದ ದಿನ ಕಾಳಗಕ್ಕೆ ಇಳಿಯದಿರುವುದೇ ಒಳ್ಳೆಯದು.

ಒಪ್ಪಿಗೆ ಇಲ್ಲದ ಕಾಳಗವೇ ಬೇಡ ಎಂದರೆ ಈ ಆಟದಲ್ಲಿ ಏನೂ ಉಳಿಯುವುದಿಲ್ಲ. ಅಪಾಯ ಉಂಟೆಂದೇ ಅಲ್ಲಿ ಸರಕಿಗೆ ಬೆಲೆ, ಬೆಂಗಾವಲಿಗೆ ಕೆಲಸ, ಗೆಳೆತನಕ್ಕೆ ಅರ್ಥ. ಬೇಕಾದ ಕಡೆ ನಿಯಮ ಬದಲಾಗುತ್ತದೆ ಕೂಡ. ಮೊದಲು ಯಾವ ಚಿಕ್ಕ ತಂಡದ ಮೇಲೆ ಬೇಕಾದರೂ ಆಟದೊಳಗಿನ ದುಡ್ಡು ಕಟ್ಟಿ ಯುದ್ಧ ಸಾರಬಹುದಿತ್ತು. 2018ರ ಡಿಸೆಂಬರಿನಿಂದ, ಬಾಹ್ಯಾಕಾಶದಲ್ಲಿ ಸ್ವಂತ ಕಟ್ಟಡ ಇರುವ ತಂಡಗಳ ಮೇಲೆ ಮಾತ್ರ ಸಾರಬಹುದು. ಇದು ನ್ಯಾಯವಾದ ಬದಲಾವಣೆ. ಆಟಗಾರರೇ ಮತ ಹಾಕಿ ಆರಿಸುವ ಒಂದು ಮಂಡಳಿ 2008ರಿಂದ ಉಂಟು. ದೂರು ಇದ್ದವರು ಅದರ ಚುನಾವಣೆಯಲ್ಲಿ ಮತ ಹಾಕಲಿ.

ನನಗೆ ಸಿಟ್ಟು ಬಂದದ್ದು ಹಡಗು ಒಡೆದದ್ದಕ್ಕಲ್ಲ. ಆಮೇಲೆ ಚಾಟ್‌ನಲ್ಲಿ ಬಂದ ಮಾತಿಗೆ. ಹುಡುಗನ ತಾಯಿಯನ್ನು, ಅವನ ದೇಶವನ್ನು ಎಳೆದು ತಂದು ಬೈದರು. ಕಾಳಗದ ಯಾವ ನಿಯಮವೂ ಅದಕ್ಕೆ ಅನುಮತಿ ಕೊಟ್ಟಿಲ್ಲ. ನಾವು ಪರದೆಯ ಚಿತ್ರ ತೆಗೆದು ದೂರು ಕೊಟ್ಟೆವು. ಸೋತ ಬೇಸರ ಅವನಿಗೆ ಮರುದಿನವೇ ಹೋಯಿತು, ಆ ಮಾತಿನ ಬೇಸರ ಹೋಗಲಿಲ್ಲ.

2025ರಲ್ಲಿ ಕೇಂದ್ರದ ಕಾನೂನು ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ ಮೇಲೆ, ನಮ್ಮ ಸುತ್ತಲಿನ ಎಷ್ಟೋ ಮನೆಗಳಲ್ಲಿ ಎಲ್ಲ ಆಟವೂ ಜೂಜು, ಎಲ್ಲ ಕಾಳಗವೂ ಹಿಂಸೆ ಎಂಬ ಮಾತು ಬಂದಿದೆ. ಆ ತಾಯಿಗೆ ನನ್ನ ವಿನಂತಿ: ಒಂದು ಸಂಜೆ ಮಗನ ಪಕ್ಕ ಕೂತು ಚಾಟ್ ಓದಿ. ಸುರತ್ಕಲ್, ಮಂಗಳೂರು, ಮಣಿಪಾಲದ ಕಾಲೇಜುಗಳಲ್ಲಿ ಗುಂಪು ಕಟ್ಟಿ ಆಡುವ ಹುಡುಗ ಹುಡುಗಿಯರಿಗೂ ಒಂದು ಮಾತು. ನಿಮ್ಮ ತಂಡಕ್ಕೆ ಸ್ವಂತ ನಿಯಮ ಬರೆದಿಡಿ. ಮೊದಲ ತಿಂಗಳಿನ ಆಟಗಾರನನ್ನು ಹೊಡೆಯಬೇಡಿ. ಗೆದ್ದ ಮೇಲೆ ಚಾಟ್‌ನಲ್ಲಿ ಬೈದವನನ್ನು, ಅವನು ಎಷ್ಟೇ ಒಳ್ಳೆಯ ಪೈಲಟ್ ಆಗಿರಲಿ, ತಂಡದಿಂದ ಹೊರಗಿಡಿ. ನಿಮ್ಮ ಪತ್ರಿಕೆ ಇಂಥ ಆಟಗಳ ನಿಯಮಗಳನ್ನು ಪೋಷಕರಿಗಾಗಿ ಕನ್ನಡದಲ್ಲಿ ಬಿಡಿಸಿ ಬರೆಯುವುದಾದರೆ, ನನಗೆ ಗೊತ್ತಿರುವುದನ್ನು ಹೇಳಿಕೊಡಲು ನಾನು ಸಿದ್ಧ.

– ನಿವೃತ್ತ ಹಡಗು ಎಂಜಿನಿಯರ್, ಕುಳಾಯಿ, ಮಂಗಳೂರು