ಡಿಪಿಐ ನೋಡಿ ಅಲ್ಲ, ಮನೆಯ ಕಾಗದ ನೋಡಿ ಸ್ಕ್ಯಾನರ್ ಕೊಳ್ಳಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ಮನೆಬಳಕೆಯ ಸಣ್ಣ ಫ್ಲ್ಯಾಟ್‌ಬೆಡ್ (ಗಾಜಿನ ಮೇಲೆ ಹಾಳೆ ಕವುಚಿ ಇಡುವ) ಸ್ಕ್ಯಾನರ್‌ಗಳ ಬಗ್ಗೆ ಬಂದ ಬರಹ ಓದಿದೆ. ಬರೆದವರು ಶ್ರಮಪಟ್ಟಿದ್ದಾರೆ, ಸಂತೋಷ. ಆದರೆ ಯಾವುದು ಒಳ್ಳೆಯದು ಅಂತ ಹೇಳಲು ಅವರು ಹಿಡಿದ ಅಳತೆಗೋಲು ಒಂದೇ, ಡಿಪಿಐ, ಅಂದರೆ ಒಂದು ಇಂಚಿನಲ್ಲಿ ಸ್ಕ್ಯಾನರ್ ಓದುವ ಚುಕ್ಕೆಗಳ ಸಂಖ್ಯೆ. 2400 ಇದ್ದರೆ ಸಾಧಾರಣ, 4800 ಇದ್ದರೆ ಉತ್ತಮ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮನೆಗಳಲ್ಲಿ ಸ್ಕ್ಯಾನ್ ಮಾಡಬೇಕಾದ ಕಾಗದಗಳು ಯಾವುವು ಅಂತ ಗೊತ್ತಿರುವವರಿಗೆ ಈ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಎ4 ಹಾಳೆಯನ್ನು 300 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದರೆ 2480 ಅಡ್ಡ, 3508 ಉದ್ದ, ಅಂದರೆ ಸುಮಾರು 87 ಲಕ್ಷ ಚುಕ್ಕೆಗಳು. ಬಣ್ಣದಲ್ಲಿ, ಕುಗ್ಗಿಸದೆ ಇಟ್ಟರೆ 26 ಎಂಬಿ. ಅದೇ ಹಾಳೆಗೆ 4800 ಡಿಪಿಐ ಹಾಕಿದರೆ 220 ಕೋಟಿ ಚುಕ್ಕೆ, ಆರೂವರೆ ಜಿಬಿಗಿಂತ ದೊಡ್ಡ ಫೈಲು! ಒಂದೇ ಹಾಳೆಗೆ, ಮಾರಾಯ್ರೇ. ಅಷ್ಟರಲ್ಲಿ ಲ್ಯಾಪ್‌ಟಾಪೇ ಉಸಿರು ಬಿಡುತ್ತದೆ. ಅಕ್ಷರದ ಹಾಳೆಗೆ 300 ಸಾಕು. ಸಣ್ಣ ಅಕ್ಷರ, ಹಳೆಯ ಮುದ್ರಣ, ಅಜ್ಜನ ಕಾಲದ ಫೋಟೋ ಇದ್ದರೆ 600. ಅದಕ್ಕಿಂತ ಮೇಲೆ ಹೋದರೆ ಹೆಚ್ಚಾಗಿ ಸಿಗುವುದು ಕಾಗದದ ನಾರು ಮತ್ತು ಧೂಳು. ಇನ್ನು ಡಬ್ಬಿಯ ಮೇಲೆ 19200 ಅಂತೆಲ್ಲ ಬರೆದಿದ್ದರೆ ಅದು ಸಾಫ್ಟ್‌ವೇರ್ ಊಹಿಸಿ ತುಂಬಿದ ಚುಕ್ಕೆ. ಕಣ್ಣಿಗೆ ಕಂಡದ್ದಲ್ಲ.

ಈಗ ನಮ್ಮ ಕಾಗದಗಳಿಗೆ ಬರೋಣ. 1956ರ ನವೆಂಬರ್ 1ರವರೆಗೆ ನಾವು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯವರು, ಆಮೇಲೆ ಕೇರಳದವರು. ಹಾಗಾಗಿ ಇಲ್ಲಿನ ಟ್ರಂಕುಗಳಲ್ಲಿ ಕನ್ನಡದ ಮೂಲಗೇಣಿ ಚೀಟು (ಶಾಶ್ವತ ಗೇಣಿಯ ಪತ್ರ), ಪಾಲುಪಟ್ಟಿ, ಇಂಗ್ಲಿಷ್ ಮೊಹರಿನ ಛಾಪಾ ಕಾಗದ, ಆಮೇಲೆ ಬಂದ ಲ್ಯಾಂಡ್ ಟ್ರಿಬ್ಯೂನಲ್ ಪಟ್ಟೆ, ಮಲಯಾಳದ ದಸ್ತಾವೇಜು ಎಲ್ಲ ಒಟ್ಟಿಗೇ ಮಲಗಿವೆ. 2022ರಲ್ಲಿ ಕೇರಳದಲ್ಲಿ ಜಮೀನಿನ ಡಿಜಿಟಲ್ ಮರುಸರ್ವೆ ಶುರುವಾದ ಮೇಲೆ ಇವನ್ನೆಲ್ಲ ಹೊರಗೆ ತೆಗೆದು ಬಿಡಿಸಿ ನೋಡುವುದೂ ಜಾಸ್ತಿಯಾಗಿದೆ. ಒಮ್ಮೆ ಬಿಡಿಸಿದರೆ ಮಡಿಕೆಯಲ್ಲಿ ಒಂದು ಎಳೆ ಹರಿಯುತ್ತದೆ. ಅದಕ್ಕೇ ಒಂದು ಸಲ ಸರಿಯಾಗಿ ಸ್ಕ್ಯಾನ್ ಮಾಡಿ ಇಟ್ಟುಬಿಡೋಣ ಅನ್ನಿಸುವುದು ಸಹಜ.

ಇಲ್ಲೇ ಸಮಸ್ಯೆ. ಇವುಗಳಲ್ಲಿ ಬಹಳಷ್ಟು ಹಾಳೆಗಳು ಎ4 ಅಲ್ಲ. ಲೀಗಲ್ ಹಾಳೆಯ ಉದ್ದ 356 ಮಿಲಿಮೀಟರ್. ಕ್ಯಾನನ್‌ನ ಲೈಡ್ 300, ಲೈಡ್ 400, ಎಪ್ಸನ್‌ನ ವಿ39, ಹೀಗೆ ಮನೆಗೆ ಅಂತ ಜನ ಕೊಳ್ಳುವ ತೆಳ್ಳಗಿನ ಸ್ಕ್ಯಾನರ್‌ಗಳ ಗಾಜಿನ ಉದ್ದ 297. ಸುಮಾರು ಆರು ಸೆಂಟಿಮೀಟರ್ ಹೊರಗೆ ಉಳಿಯುತ್ತದೆ. ದಸ್ತಾವೇಜಿನಲ್ಲಿ ಕೊನೆಯ ಆರು ಸೆಂಟಿಮೀಟರಿನಲ್ಲಿ ಏನಿರುತ್ತದೆ ಹೇಳಿ? ಸಹಿ, ಸಾಕ್ಷಿಗಳ ಹೆಸರು, ಬರೆದವನ ರುಜು, ಮೊಹರು. ನಿಮ್ಮ ಅಂಕಣದಲ್ಲಿ ಈ ಗಾಜಿನ ಉದ್ದದ ಬಗ್ಗೆ ಒಂದು ಸಾಲೂ ಇರಲಿಲ್ಲ.

ಎರಡು ಭಾಗವಾಗಿ ಸ್ಕ್ಯಾನ್ ಮಾಡಬಹುದಲ್ವಾ ಅಂತ ಕೇಳಬಹುದು. ಮಾಡಬಹುದು, ನಾನೂ ಮಾಡುತ್ತೇನೆ. ಆದರೆ ಗಾಜಿನ ಸುತ್ತ ಇರುವ ಪ್ಲಾಸ್ಟಿಕ್ ಅಂಚು ಗಾಜಿಗಿಂತ ತುಸು ಎತ್ತರ. ಹಾಳೆ ಅದರ ಮೇಲೆ ಹತ್ತಿದ ಕಡೆ ಗಾಜಿನಿಂದ ಮೇಲೇಳುತ್ತದೆ, ಅಲ್ಲಿನ ಸಾಲು ಮಸುಕಾಗುತ್ತದೆ. ಹಾಗಾಗಿ ನಾಲ್ಕೈದು ಸಾಲು ಎರಡೂ ಸ್ಕ್ಯಾನಿನಲ್ಲಿ ಬರುವಂತೆ ಇಡಬೇಕು. ಆಮೇಲೆ ಕಂಪ್ಯೂಟರಿನಲ್ಲಿ ಎರಡನ್ನೂ ಅಂಟಿಸಿ ಒಂದೇ ಹಾಳೆ ಮಾಡುವ ಚಪಲ ಬೇಡ. ಜಾಗದ ಕಾಗದದಲ್ಲಿ ಹೊಲಿಗೆ ಕಂಡರೆ ನೋಡುವವನಿಗೆ ಮೊದಲು ಬರುವುದು ಅನುಮಾನ. ಒಂದೇ ಪಿಡಿಎಫ್‌ನಲ್ಲಿ ಎರಡು ಪುಟವಾಗಿ ಇರಲಿ.

ಆ ಮಸುಕಿಗೆ ಕಾರಣ ಸ್ಕ್ಯಾನರಿನ ಹೊಟ್ಟೆಯಲ್ಲಿದೆ. ತೆಳ್ಳಗಿನ ಸ್ಕ್ಯಾನರ್‌ಗಳೆಲ್ಲ ಸಿಐಎಸ್ ಜಾತಿಯವು. ಹಾಳೆಯ ಅಗಲದಷ್ಟೇ ಉದ್ದದ ಸೆನ್ಸರ್ ಪಟ್ಟಿ ಗಾಜಿಗೆ ತಾಗಿದಂತೆ ಕೆಳಗೆ ಸರಿಯುತ್ತದೆ, ಕೆಂಪು ಹಸಿರು ನೀಲಿ ಎಲ್‌ಇಡಿಗಳು ಒಂದಾದ ಮೇಲೊಂದು ಬೆಳಗುತ್ತವೆ. ಕನ್ನಡಿ, ದೊಡ್ಡ ಲೆನ್ಸು ಏನೂ ಇಲ್ಲ. ಅದಕ್ಕೇ ಹಗುರ, ಅದಕ್ಕೇ ಯುಎಸ್‌ಬಿ ತಂತಿಯಿಂದ ಬರುವ ಕರೆಂಟೇ ಸಾಕು. ಮಳೆಗಾಲದಲ್ಲಿ ಕರೆಂಟ್ ಹೋದರೂ ಲ್ಯಾಪ್‌ಟಾಪಿನ ಬ್ಯಾಟರಿಯಲ್ಲಿ ನಡೆಯುತ್ತದೆ, ನಮಗೆ ಇದು ಸಣ್ಣ ಸಂಗತಿಯಲ್ಲ. ಆದರೆ ಗಾಜಿಗೆ ಅಂಟಿಕೊಂಡದ್ದು ಮಾತ್ರ ಇದಕ್ಕೆ ಸ್ಪಷ್ಟ. ಒಂದೆರಡು ಮಿಲಿಮೀಟರ್ ಮೇಲೆ ಹೋದರೂ ಮಂಜು. ಇನ್ನೊಂದು ಜಾತಿ ಸಿಸಿಡಿ. ಒಳಗೆ ಕನ್ನಡಿ, ಲೆನ್ಸು ಇರುವುದರಿಂದ ಡಬ್ಬಿ ದೊಡ್ಡದು, ಭಾರ, ಬೇರೆ ಅಡಾಪ್ಟರ್ ಬೇಕು, ಬೆಲೆಯೂ ಜಾಸ್ತಿ. ಎಪ್ಸನ್ ವಿ600 ಈ ಥರದ್ದು, ನೆಗೆಟಿವ್ ಫಿಲ್ಮನ್ನೂ ಓದುತ್ತದೆ. ಸುಕ್ಕಾದ, ಎದ್ದು ನಿಂತ ಕಾಗದ ಇದರಲ್ಲಿ ಎಷ್ಟೋ ಚೆನ್ನಾಗಿ ಬರುತ್ತದೆ.

ಹೊಲಿದು ಕಟ್ಟಿದ ಪುಸ್ತಕ ಇರುವವರು ಈ ವ್ಯತ್ಯಾಸವನ್ನೇ ಮೊದಲು ನೋಡಬೇಕು. ಕುಂಬಳೆ ಸೀಮೆಯಲ್ಲಿ, ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನಲ್ಲಿ, ಕೈಬರಹದ ಯಕ್ಷಗಾನ ಪ್ರಸಂಗಗಳಿರುವ ಮನೆಗಳು ಕಡಿಮೆಯಲ್ಲ. ಅಂಥ ಪುಸ್ತಕವನ್ನು ಬಿಡಿಸಿ ಕವುಚಿ ಹಾಕಿದರೆ ನಡುವಿನ ಹೊಲಿಗೆಯ ಹತ್ತಿರ ಹಾಳೆ ಬಾಗಿ ಮೇಲೆ ನಿಲ್ಲುತ್ತದೆ. ಸಿಐಎಸ್‌ನಲ್ಲಿ ಆ ಭಾಗ ಕಪ್ಪು ಪಟ್ಟಿ, ಪ್ರತಿ ಸಾಲಿನ ಮೊದಲ ಅಥವಾ ಕೊನೆಯ ಪದ ನುಂಗಿಹೋಗುತ್ತದೆ. ಒತ್ತಿ ಹಿಡಿದರೆ ಪುಸ್ತಕದ ಬೆನ್ನು ಮುರಿಯುತ್ತದೆ, ಇಲ್ಲವೇ ಗಾಜು. ಇಂಥದ್ದಕ್ಕೆ ಸಣ್ಣ ಸ್ಕ್ಯಾನರ್ ಹೇಳಿದ್ದೇ ಅಲ್ಲ. ಸ್ಟ್ಯಾಂಡಿಗೆ ಕ್ಯಾಮೆರಾ ಕಟ್ಟಿ ಮೇಲಿಂದ ಚಿತ್ರ ತೆಗೆಯುವುದೇ ವಾಸಿ.

ಅಂಗಡಿಯಲ್ಲಿ ಪರೀಕ್ಷೆ ಮಾಡುವುದು ಸುಲಭ. ಸ್ಟೀಲ್ ಸ್ಕೇಲಿನ ಒಂದು ತುದಿ ಗಾಜಿನ ಮೇಲೆ, ಇನ್ನೊಂದು ತುದಿಗೆ ನಾಲ್ಕು ನಾಣ್ಯದ ಆಧಾರ. ಓರೆಯಾಗಿಟ್ಟು ಸ್ಕ್ಯಾನ್ ಮಾಡಿ. ಗೀಟುಗಳು ಎಲ್ಲಿಂದ ಮಸುಕಾಗುತ್ತವೆ ನೋಡಿದರೆ ಸ್ಕ್ಯಾನರಿನ ಕಣ್ಣು ಎಷ್ಟು ಆಳ ಅಂತ ಗೊತ್ತಾಯಿತು. ಮಂಗಳೂರಿನ ಒಂದು ಅಂಗಡಿಯಲ್ಲಿ ಹೀಗೆ ಮಾಡಲು ಹೊರಟಾಗ ಡಬ್ಬಿ ಬಿಚ್ಚುವುದಿಲ್ಲ, ಎಲ್ಲ ಸ್ಕ್ಯಾನರೂ ಒಂದೇ ಅಂದರು. ಪಕ್ಕದ ಅಂಗಡಿಯವರು ಡೆಮೊ ಯಂತ್ರ ಕೊಟ್ಟರು.

ಬಣ್ಣದ ಬಗ್ಗೆ ಒಂದು ಮಾತು. ಫೈಲು ಚಿಕ್ಕದಾಗಲಿ ಅಂತ ಬ್ಲ್ಯಾಕ್ ಅಂಡ್ ವೈಟ್ ಇಟ್ಟರೆ ಮಾಸಿದ ನೇರಳೆ ಮೊಹರು, ಮಂಕಾದ ಶಾಯಿ ಎಲ್ಲ ಬಿಳಿಯಾಗಿ ಮಾಯ. ಬಣ್ಣದಲ್ಲೇ ಮಾಡಿ. ಹಿಂದಿನ ಪುಟದ ಅಕ್ಷರ ಈ ಕಡೆ ಇಣುಕಿದರೆ ಹಾಳೆಯ ಬೆನ್ನಿಗೆ ಕಪ್ಪು ಕಾಗದ ಇಟ್ಟರಾಯಿತು. ಜಾಲತಾಣಗಳು ಇಷ್ಟೇ ಕೆಬಿ ಇರಲಿ ಅಂತ ಕೇಳುತ್ತವಲ್ಲ, ಅದಕ್ಕೆ ಬೇರೆ ಚಿಕ್ಕ ಪ್ರತಿ ಮಾಡಿಕೊಳ್ಳಿ. ಮೂಲ ಸ್ಕ್ಯಾನನ್ನು ಕುಗ್ಗಿಸಬೇಡಿ.

ಮುದ್ರಿತ ಕನ್ನಡವನ್ನು ಹುಡುಕಬಹುದಾದ ಪಠ್ಯ ಮಾಡಬೇಕೆಂದರೆ ಟೆಸೆರಾಕ್ಟ್ ಎಂಬ ತಂತ್ರಾಂಶ ಉಚಿತ, ಕನ್ನಡ ಮಲಯಾಳ ಎರಡನ್ನೂ ಒಂದೇ ಪುಟದಲ್ಲಿ ಓದಿಸಬಹುದು. ಇಲ್ಲಿ ಮಾತ್ರ ಡಿಪಿಐಗೆ ಬೆಲೆ ಇದೆ. 150ರಲ್ಲಿ ಒತ್ತಕ್ಷರಗಳು ಮುದ್ದೆಯಾಗಿ ತಪ್ಪುಗಳ ರಾಶಿ, 300ರಲ್ಲಿ ಎಷ್ಟೋ ಮೇಲು. ಕೈಬರಹದ ಮೋಡಿ ಅಕ್ಷರ ಅದಕ್ಕೆ ಓದಲು ಬಾರದು, ಅದಕ್ಕೆ ಮನೆಯ ಹಿರಿಯರೇ ಬೇಕು.

ಮೊಬೈಲ್ ಇರುವಾಗ ಇದೆಲ್ಲ ಯಾಕೆ ಅನ್ನುವವರಿದ್ದಾರೆ. ರಸೀದಿಗೆ, ರೇಷನ್ ಕಾರ್ಡಿಗೆ ಮೊಬೈಲೇ ಸಾಕು, ಸುಮ್ನೆ ದುಡ್ಡು ಹಾಕಬೇಡಿ. ಆದರೆ ಜಾಗದ ಕಾಗದಗಳನ್ನು ಯಾವುದೋ ಆ್ಯಪಿನ ಕ್ಲೌಡಿಗೆ ಹಾಕುವ ಮೊದಲು ಯೋಚಿಸಿ. ಎಲ್ಲರ ಫೋನಿನಲ್ಲೂ ಇದ್ದ ಕ್ಯಾಮ್‌ಸ್ಕ್ಯಾನರನ್ನು ಸರಕಾರ 2020ರ ಜೂನ್‌ನಲ್ಲಿ ನಿಷೇಧಿಸಿದ್ದು ನೆನಪಿದೆಯಲ್ಲ. ಆಲ್ ಇನ್ ಒನ್ ಪ್ರಿಂಟರ್ ಮನೆಯಲ್ಲಿದ್ದರೆ ಅದರ ಸ್ಕ್ಯಾನರನ್ನೇ ಬಳಸಿ ನೋಡಿ. ಅದೂ ಬಹುತೇಕ ಸಿಐಎಸ್ಸೇ, ಫಲಿತಾಂಶದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಇಂಕ್ ಮುಗಿದರೆ ಸ್ಕ್ಯಾನ್ ಕೂಡ ಮಾಡದ ಮಾದರಿಗಳಿವೆ ಅನ್ನುವುದೊಂದೇ ತಕರಾರು.

ಇನ್ನೊಂದು, ಡ್ರೈವರ್. ಹಳೆಯ ಒಳ್ಳೆಯ ಸ್ಕ್ಯಾನರ್‌ಗಳು ಗುಜರಿಗೆ ಹೋಗುವುದು ಕೆಟ್ಟು ಅಲ್ಲ, ಹೊಸ ವಿಂಡೋಸಿಗೆ ಕಂಪನಿ ಡ್ರೈವರ್ ಕೊಡದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಇದನ್ನೇ ಕೇಳಬೇಕು. ಲಿನಕ್ಸ್‌ನಲ್ಲಿ ಸೇನ್ ಎಂಬ ಉಚಿತ ತಂತ್ರಾಂಶ ಇಂಥ ಎಷ್ಟೋ ಯಂತ್ರಗಳನ್ನು ಈಗಲೂ ನಡೆಸುತ್ತದೆ.

ಹಾಗೆಯೇ ನಮ್ಮ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಳಸದೆ ಇಟ್ಟರೆ ಗಾಜಿನ ಒಳಬದಿಗೆ ಬೂಷ್ಟು ಹಿಡಿಯುತ್ತದೆ, ಅದನ್ನು ಮನೆಯಲ್ಲಿ ಬಿಚ್ಚಿ ಒರೆಸುವುದು ಕಷ್ಟ. ಸಿಲಿಕಾ ಜೆಲ್ ಹಾಕಿ ಮುಚ್ಚಿಡಿ, ಆಗಾಗ ಒಂದು ಸ್ಕ್ಯಾನ್ ಮಾಡುತ್ತಿರಿ. ಆಟಿ ತಿಂಗಳ ಜೋರು ಮಳೆಯಲ್ಲಿ ಹಳೆಯ ಕಾಗದ ಮುಟ್ಟಲೇಬೇಡಿ.

ಸಂಪಾದಕರಲ್ಲಿ ನನ್ನ ಕೋರಿಕೆ ಇಷ್ಟೇ. ಮುಂದಿನ ಸಲ ಇಂಥ ಬರಹ ಹಾಕುವಾಗ ಪ್ರತಿ ಮಾದರಿಯ ಗಾಜಿನ ಉದ್ದ, ಸಿಐಎಸ್ಸೋ ಸಿಸಿಡಿಯೋ ಎಂಬುದು, ಯಾವ ಯಾವ ವಿಂಡೋಸ್, ಲಿನಕ್ಸ್‌ನಲ್ಲಿ ನಡೆಯುತ್ತದೆ ಎಂಬುದು, ಇವು ಮೂರನ್ನು ಡಿಪಿಐಗಿಂತ ಮೊದಲು ಬರೆಯಿಸಿ. ಉದ್ದ ಹಾಳೆ ಹಿಡಿಯುವ ಎ3 ಸ್ಕ್ಯಾನರ್ ಮನೆಗೆ ಅಂತ ಕೊಳ್ಳುವುದು ದುಬಾರಿ. ಅಂಥದ್ದೊಂದನ್ನು ಗಡಿಭಾಗದ ಪಂಚಾಯತ್ ಗ್ರಂಥಾಲಯಗಳಲ್ಲಿ ಇಡಿ ಅಂತ ಪತ್ರಿಕೆಯೇ ಕೇಳಿದರೆ ಇನ್ನೂ ಒಳ್ಳೆಯದು.

ಇತಿ,
ಓರ್ವ ಓದುಗ
ಬದಿಯಡ್ಕ, ಕಾಸರಗೋಡು