ಕೋಚ್ ಹೆಸರು ಕೊನೆಯ ಸಾಲಿಗೇ ಯಾಕೆ?

ಮಾನ್ಯ ಸಂಪಾದಕರೇ,

ಈಜಿನಲ್ಲಿ ಯಾರಾದರೂ ಪದಕ ಗೆದ್ದರೆ ಅವರ ಫೋಟೊ ದೊಡ್ಡದಾಗಿ ಬರುತ್ತದೆ, ಸಂತೋಷ. ಆದರೆ ಕೋಚ್ ಹೆಸರು ಸುದ್ದಿಯ ಕೊನೆಯ ಸಾಲಲ್ಲಿ, ಅದೂ ಜಾಗ ಮಿಕ್ಕಿದ್ದರೆ. ವರ್ಷಗಟ್ಟಲೆ ಕಾಲೇಜು ಮಕ್ಕಳಿಗೆ ಈಜು ಕಲಿಸುತ್ತಿರುವ ನನಗೆ ಇದು ಚುಚ್ಚುತ್ತದೆ. ಅದಕ್ಕೇ ಈಜಿನಲ್ಲಿ ಒಲಿಂಪಿಕ್ ಚಿನ್ನ ಗೆದ್ದು, ಮುಂದೆ ಕೋಚ್ ಆದ ಆಂಟನಿ ನೆಸ್ಟಿ ಬಗ್ಗೆ ನಾಲ್ಕು ಮಾತು.

1988ರ ಸೋಲ್ ಒಲಿಂಪಿಕ್ಸ್, 100 ಮೀಟರ್ ಬಟರ್‌ಫ್ಲೈ (ಎರಡೂ ಕೈ ಒಟ್ಟಿಗೆ ಬೀಸಿ ಈಜುವ ಶೈಲಿ). ಅಮೆರಿಕದ ಮ್ಯಾಟ್ ಬಿಯಾಂಡಿ ಮುಂದಿದ್ದರು. ಗೋಡೆ ಹತ್ತಿರ ಬಂದಾಗ ಲೆಕ್ಕ ತಪ್ಪಿತು. ಇನ್ನೊಂದು ಸಲ ಕೈ ಬೀಸೋಣ ಅಂದರೆ ಜಾಗ ಸಾಲದು, ಹಾಗೇ ಹೋಗೋಣ ಅಂದರೆ ದೂರ ಜಾಸ್ತಿ. ಅವರು ಕೈ ಚಾಚಿ ಜಾರಿಕೊಂಡು ಬಂದರು. ಅಷ್ಟರಲ್ಲಿ ದಕ್ಷಿಣ ಅಮೆರಿಕದ ಪುಟ್ಟ ದೇಶ ಸುರಿನಾಮ್‌ನ ನೆಸ್ಟಿ ಗೋಡೆ ಮುಟ್ಟಿಯಾಗಿತ್ತು. ನೆಸ್ಟಿ 53.00 ಸೆಕೆಂಡ್, ಬಿಯಾಂಡಿ 53.01. ಆಗ ಇಡೀ ಸುರಿನಾಮ್‌ಗೆ ಇದ್ದದ್ದು ಒಂದೇ ಒಂದು 50 ಮೀಟರ್ ಕೊಳ!

ನನ್ನ ಮಕ್ಕಳಿಗೆ ಈ ರೇಸ್‌ನ ವಿಡಿಯೊ ತೋರಿಸುತ್ತಲೇ ಇರುತ್ತೇನೆ. ಕೊಳದ ಮೇಲೆ ಬಾವುಟದ ಸಾಲು ಕಟ್ಟಿರುತ್ತಾರಲ್ಲ, ಅಲ್ಲಿಂದ ಗೋಡೆಗೆ 5 ಮೀಟರ್. ಅಷ್ಟಕ್ಕೆ ತನಗೆ ಎಷ್ಟು ಸ್ಟ್ರೋಕ್ ಬೇಕು ಅಂತ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ದಿನಾ ಹೇಳುತ್ತೇನೆ, ದಿನಾ ಮರೆಯುತ್ತಾರೆ. ಮೊನ್ನೆ ಒಬ್ಬಳು ಚೆನ್ನಾಗಿ ಮುಂದಿದ್ದಳು. ಕೊನೆಗೆ ಗಡಿಬಿಡಿಯಾಗಿ ಒಂದೇ ಕೈಯಲ್ಲಿ ಮುಟ್ಟಿಬಿಟ್ಟಳು. ಬಟರ್‌ಫ್ಲೈಯಲ್ಲಿ ಎರಡೂ ಕೈ ಒಟ್ಟಿಗೆ ಮುಟ್ಟಬೇಕು. ರೇಸ್‌ನಿಂದ ಔಟ್. ಅವಳು ಕನ್ನಡಕ ತೆಗೆಯದೆ ನೀರಲ್ಲೇ ನಿಂತಿದ್ದಳು. ಅಳು ಕಾಣಬಾರದು ಅಂತ ಇರಬೇಕು.

ನೆಸ್ಟಿ ವಿಷಯಕ್ಕೆ ಬರುತ್ತೇನೆ. 1992ರಲ್ಲಿ ಇನ್ನೊಂದು ಪದಕ, ಕಂಚು. ಮುಂದೆ ತಾನು ಓದಿ ಈಜಿದ ಫ್ಲಾರಿಡಾ ವಿಶ್ವವಿದ್ಯಾಲಯಕ್ಕೇ ಸಹಾಯಕ ಕೋಚ್ ಆಗಿ ಬಂದರು. ಅಲ್ಲಿನ ಮುಖ್ಯ ಕೋಚ್ ಗ್ರೆಗ್ ಟ್ರಾಯ್, ಶಾಲೆಯ ದಿನಗಳಲ್ಲಿ ನೆಸ್ಟಿಗೆ ಕಲಿಸಿದವರು. ಅವರ ಕೈಕೆಳಗೆ ಹತ್ತಿರ ಹತ್ತಿರ ಇಪ್ಪತ್ತು ವರ್ಷ! ಒಲಿಂಪಿಕ್ ಚಿನ್ನ ಗೆದ್ದ ಮನುಷ್ಯ. ನಾನಾಗಿದ್ದರೆ ಐದನೇ ವರ್ಷಕ್ಕೇ ಗೊಣಗಲು ಶುರು ಮಾಡುತ್ತಿದ್ದೆ. 2018ರಲ್ಲಿ ಫ್ಲಾರಿಡಾದ ಪುರುಷರ ತಂಡ ನೆಸ್ಟಿ ಕೈಗೆ ಬಂತು, 2021ರಲ್ಲಿ ಮಹಿಳೆಯರದ್ದೂ. ಅದೇ ವರ್ಷ ಹಲವು ಒಲಿಂಪಿಕ್ ಚಿನ್ನ ಗೆದ್ದ ಕೇಟಿ ಲೆಡೆಕಿ ಅಂಥವರೇ ಅವರ ಬಳಿ ಅಭ್ಯಾಸಕ್ಕೆ ಬಂದರು.

2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಅಮೆರಿಕದ ಪುರುಷರ ಈಜು ತಂಡದ ಮುಖ್ಯ ಕೋಚ್ ನೆಸ್ಟಿ. ಕಪ್ಪು ವರ್ಣೀಯರೊಬ್ಬರು ಆ ಜಾಗಕ್ಕೆ ಬಂದದ್ದು ಅದೇ ಮೊದಲು. ಆ ಸಲ ಈಜಿನಲ್ಲಿ ಅಮೆರಿಕದ ಗಂಡಸರಿಗೆ ವೈಯಕ್ತಿಕ ಚಿನ್ನ ಸಿಕ್ಕಿದ್ದು ಒಂದೇ, ಬಾಬಿ ಫಿಂಕ್ ಅವರದ್ದು. 1500 ಮೀಟರ್, 14 ನಿಮಿಷ 30.67 ಸೆಕೆಂಡ್, ವಿಶ್ವದಾಖಲೆ. ಫಿಂಕ್ ಯಾರ ಶಿಷ್ಯ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ?

ಮುಂದಿನ ಪದಕದ ಸುದ್ದಿಯಲ್ಲಿ ಕೋಚ್ ಹೆಸರನ್ನು ಎರಡನೇ ಪ್ಯಾರಾಕ್ಕಾದರೂ ತನ್ನಿ. ಫೋಟೊ ಕೇಳುತ್ತಿಲ್ಲ.

ಇಂತಿ,
ಕಾಲೇಜೊಂದರ ಈಜು ಕೋಚ್