ಮಕ್ಕಳ ತೂಕವನ್ನು ತರಗತಿಯಲ್ಲಿ ಕೂಗಬೇಡಿ

ಮಾನ್ಯರೇ,

ಕೆಲವು ಶಾಲೆಗಳಲ್ಲಿ ಆರೋಗ್ಯ ತಪಾಸಣೆಯ ದಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೂಕ ನೋಡಿ, ಅದನ್ನು ಎಲ್ಲರಿಗೂ ಕೇಳುವಂತೆ ಕೂಗಿ ಬರೆಸುತ್ತಾರೆ. ಇದು ನಿಲ್ಲಬೇಕು.

ಹನುಮಂತನಗರದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಸಮವಸ್ತ್ರದ ಅಳತೆಗೆಂದು ಕಳೆದ ಜೂನ್‌ನಲ್ಲಿ ಬಂದಿದ್ದ ಒಂಬತ್ತನೇ ತರಗತಿಯ ಹುಡುಗಿ, ಸೊಂಟಕ್ಕೆ ಟೇಪು ಸುತ್ತುತ್ತಿದ್ದಂತೆ ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಒಳಗೆಳೆದುಕೊಂಡಳು. ‘ಉಸಿರು ಬಿಡು ಪುಟ್ಟಾ, ಕೂತಾಗ ಬಿಗಿಯಾಗುತ್ತದೆ’ ಎಂದೆ. ಬಿಡಲಿಲ್ಲ. ಪಕ್ಕದಲ್ಲಿದ್ದ ತಾಯಿ, ‘ಎರಡಿಂಚು ಕಡಿಮೆಯೇ ಹೊಲಿಯಿರಿ, ಆಗಲಾದರೂ ತಿನ್ನುವುದು ಬಿಟ್ಟಾಳು’ ಎಂದರು. ತರಗತಿಯಲ್ಲಿ ತೂಕ ಕೂಗಿದಂದಿನಿಂದ ಅವಳಿಗೆ ‘ಡುಮ್ಮಿ’ ಎಂದೇ ಹೆಸರು ಬಿದ್ದಿದೆಯಂತೆ. ಈಗ ಬೆಳಗಿನ ತಿಂಡಿ ಮುಟ್ಟದೆ ಶಾಲೆಗೆ ಹೋಗುತ್ತಾಳಂತೆ. ನಾನು ಅವಳ ಅಳತೆಗೇ ಹೊಲಿದೆ. ಮುಂದೆ ಬಿಚ್ಚಿಕೊಳ್ಳಲೆಂದು ಒಳಗೆ ಬಟ್ಟೆಯನ್ನೂ ಬಿಟ್ಟೆ.

ಈ ವಯಸ್ಸಿನಲ್ಲಿ ಮೈ ತುಂಬಿಕೊಳ್ಳುವುದು ಬೆಳವಣಿಗೆಯ ಭಾಗ. ಕೆಲವರು ಮೊದಲು ದಪ್ಪಗಾಗಿ ಆಮೇಲೆ ಎತ್ತರವಾಗುತ್ತಾರೆ. ನನ್ನ ಅಳತೆ ಪುಸ್ತಕ ತಿರುವಿದರೇ ಇದು ತಿಳಿಯುತ್ತದೆ. ದೊಡ್ಡವರ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) ಮಿತಿಯನ್ನು ಮಕ್ಕಳಿಗೆ ನೇರವಾಗಿ ಹಚ್ಚುವಂತಿಲ್ಲ. 5ರಿಂದ 19 ವರ್ಷದವರಿಗೆ ವಯಸ್ಸು, ಲಿಂಗಕ್ಕೆ ತಕ್ಕ ಬೆಳವಣಿಗೆಯ ಕೋಷ್ಟಕಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಕೊಟ್ಟಿದೆ. ಅದನ್ನು ನೋಡಿ ಹೇಳಬೇಕಾದವರು ವೈದ್ಯರು, ಹಿಂದಿನ ಬೆಂಚಿನವರಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15–19ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇದೆ. ಇಂಥ ಸ್ಥಿತಿಯಲ್ಲಿ ಮಗುವನ್ನು ನಾಚಿಸಿ ಊಟ ಬಿಡಿಸುವುದು ಎಲ್ಲಿಯ ಆರೋಗ್ಯ ತಪಾಸಣೆ?

ಗಂಡುಮಕ್ಕಳೂ ನೋಯುತ್ತಾರೆ. ‘ಕಡ್ಡಿ’ ಎನ್ನಿಸಿಕೊಂಡ ಹುಡುಗರು ತೋಳು ತುಂಬಿದಂತೆ ಕಾಣಲೆಂದು ಅಂಗಿಯ ತೋಳನ್ನು ಹಿಡಿಸಿಕೊಳ್ಳಲು ಬರುತ್ತಾರೆ.

ತೂಕವನ್ನು ಪರದೆಯ ಹಿಂದೆ ನೋಡಿ, ಲಕೋಟೆಯಲ್ಲಿಟ್ಟು ಮನೆಗೆ ಕಳುಹಿಸಲಿ. ಹೆಚ್ಚು ಕಡಿಮೆ ಇದ್ದರೆ ಹೆತ್ತವರನ್ನು ಕರೆದು ಮಾತನಾಡಲಿ. ಶಿಕ್ಷಣ ಇಲಾಖೆ ಈ ಬಗ್ಗೆ ಎಲ್ಲ ಶಾಲೆಗಳಿಗೂ ಸುತ್ತೋಲೆ ಹೊರಡಿಸಬೇಕು. ಊಟವನ್ನೇ ಬಿಟ್ಟು ಕುಗ್ಗಿಹೋದ ಮಕ್ಕಳ ಮನೆಯವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ಗೆ ಕರೆ ಮಾಡಬಹುದು. 14416 ಎಂಬ ಆ ಸಂಖ್ಯೆ ಪ್ರತಿ ಶಾಲೆಯ ಸೂಚನಾ ಫಲಕದಲ್ಲೂ ಇರಲಿ.

– ಹೊಲಿಗೆ ಕೆಲಸದ ಮಹಿಳೆ, ಹನುಮಂತನಗರ, ಬೆಂಗಳೂರು